ಎಚ್-ಇಂಡೆಕ್ಸ್ ನೋಡಿ ಕಣ್ಣು-ನರದ ಡಾಕ್ಟರನ್ನು ಅಳೆಯಬಹುದಾ?

ಕಣ್ಣು ನೋಡಿದರೆ ಸರಿಯಾಗೇ ಇದೆ, ಆದರೂ ಕಾಣುತ್ತಿಲ್ಲ. ಅಥವಾ ಒಂದು ವಸ್ತು ಎರಡೆರಡಾಗಿ ಕಾಣುತ್ತಿದೆ. ಇಂಥವರು ಅಲ್ಲಿ ಇಲ್ಲಿ ಸುತ್ತಿ ಕೊನೆಗೆ ಬರುವುದು ನ್ಯೂರೋ-ಆಫ್ತಾಲ್ಮಾಲಜಿಸ್ಟ್ ಹತ್ತಿರ. ಪುಟ್ಟ ಕ್ಷೇತ್ರ, ಕಣ್ಣಿನವರಿಗೂ ನರದವರಿಗೂ ಅರ್ಧರ್ಧ ಸೇರಿದ್ದು. ಇಲ್ಲಿನ ದೊಡ್ಡ ಹೆಸರುಗಳ ಗೂಗಲ್ ಸ್ಕಾಲರ್ ಪುಟ ತೆರೆದು ಸುಮ್ನೆ ನೋಡುತ್ತಾ ಕೂರುವುದು ನನಗೊಂದು ಚಟ. ಯಾರ ಸಂಶೋಧನಾ ಪೇಪರನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದರು ಅಂತ ಅಲ್ಲಿ ಲೆಕ್ಕ ಸಿಗುತ್ತದೆ. ಒಟ್ಟು ಸೈಟೇಶನ್ (ಅಂದರೆ ಉಲ್ಲೇಖ), ಎಚ್-ಇಂಡೆಕ್ಸ್, ಐ10 (ಹತ್ತು ಸಲವಾದರೂ ಉಲ್ಲೇಖವಾದ ಪೇಪರ್‌ಗಳ ಸಂಖ್ಯೆ), ಅಷ್ಟೇ. ಇಡೀ ವೃತ್ತಿಜೀವನ ಮೂರು ಸಂಖ್ಯೆಯಲ್ಲಿ ಮುಗಿದುಹೋಗುತ್ತದೆ.

ಎಚ್-ಇಂಡೆಕ್ಸ್ ಕೊಟ್ಟವರು ಡಾಕ್ಟರಲ್ಲ, ಹೋರ್ಹೆ ಹಿರ್ಶ್ ಅನ್ನುವ ಭೌತವಿಜ್ಞಾನಿ, 2005ರಲ್ಲಿ. ನಿಮ್ಮ 40 ಪೇಪರ್‌ಗಳನ್ನು ತಲಾ 40 ಸಲವಾದರೂ ಯಾರಾದರೂ ಉಲ್ಲೇಖಿಸಿದ್ದರೆ ನಿಮ್ಮ ಎಚ್ 40. ಐದೇ ಪೇಪರ್ ಬರೆದು, ಒಂದೊಂದಕ್ಕೂ ಸಾವಿರ ಉಲ್ಲೇಖ ಸಿಕ್ಕಿದ್ದರೂ ಎಚ್ 5 ದಾಟುವುದಿಲ್ಲ. ವಿಚಿತ್ರ ಅಲ್ವಾ?

ಯಾವುದಕ್ಕೆ ಉಲ್ಲೇಖ ಜಾಸ್ತಿ ಬೀಳುತ್ತದೆ ಅನ್ನುವುದೂ ನೋಡಬೇಕಾದದ್ದೇ. ಲಾರ್ಸ್ ಫ್ರಿಸೆನ್ 1982ರಲ್ಲಿ ಕಣ್ಣಿನ ನರದ ಬುಡದ ಊತಕ್ಕೆ 0ಯಿಂದ 5ರವರೆಗೆ ಗ್ರೇಡ್ ಮಾಡಿಕೊಟ್ಟರು. ಅವತ್ತಿನಿಂದ 'ಗ್ರೇಡ್ 3 ಊತ' ಅಂತ ಪೇಪರಿನಲ್ಲಿ ಬರೆಯುವವರು ಅವರ ಹೆಸರು ಹಾಕುತ್ತಾರೆ. 2004ರಲ್ಲಿ ಮೇಯೋ ಕ್ಲಿನಿಕ್‌ನ ವಾಂಡಾ ಲೆನನ್ ಮತ್ತು ಜೊತೆಯವರು ನ್ಯೂರೋಮೈಲೈಟಿಸ್ ಆಪ್ಟಿಕಾ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣಿನ ನರ, ಬೆನ್ನುಹುರಿಗಳ ಮೇಲೆ ತಿರುಗಿಬೀಳುವ ರೋಗದ ಆ್ಯಂಟಿಬಾಡಿಯನ್ನು ಪತ್ತೆಹಚ್ಚಿದರು. ಅದು ದಾಳಿ ಮಾಡುವುದು ಆ್ಯಕ್ವಪೋರಿನ್-4 ಎಂಬ ಪ್ರೋಟೀನ್ ಮೇಲೆ ಅಂತ ಮರುವರ್ಷ ತೋರಿಸಿದರು. ಆ ಕೆಲಸ ನರದವರಿಗೂ ಬೇಕು, ಇಮ್ಯುನಾಲಜಿಯವರಿಗೂ ಬೇಕು, ಔಷಧ ಮಾಡುವವರಿಗೂ ಬೇಕು. ಅದೇ ಕಣ್ಣು ಅದುರುವ ಯಾವುದೋ ಅಪರೂಪದ ಕಾಯಿಲೆಯ ಮೇಲೆ ಜೀವನವಿಡೀ ಕೂತವರನ್ನು ಉಲ್ಲೇಖಿಸುವವರು ಎಷ್ಟು ಜನ ಇದ್ದಾರು? ಕೆಲಸ ಕಮ್ಮಿ ಅಂತಲ್ಲ, ಓದುವ ಮಂದಿಯೇ ಕಮ್ಮಿ. ಇನ್ನು ರಿವ್ಯೂ ಪೇಪರ್‌ಗಳು, ಅಂದರೆ ಇದ್ದ ಸಂಶೋಧನೆಗಳನ್ನೇ ಒಟ್ಟುಗೂಡಿಸಿ ಬರೆದವು. ಹೊಸದೇನೂ ಕಂಡುಹಿಡಿಯದಿದ್ದರೂ ಅವಕ್ಕೆ ಉಲ್ಲೇಖ ಸುರಿಯುತ್ತದೆ, ಬರೆಯುವವರಿಗೆ ಅನುಕೂಲ ನೋಡಿ.

ಲೆಕ್ಕಕ್ಕೇ ಸಿಗದ್ದೂ ಇದೆ. ಕಣ್ಣಿನ ನರಕ್ಕೆ ಪೆಟ್ಟಾಗಿದೆಯಾ ಅಂತ ನೋಡುವ ಟಾರ್ಚ್ ಪರೀಕ್ಷೆಯನ್ನೇ ತಗೊಳ್ಳಿ. ಕೋಣೆಯ ಬೆಳಕು ಕಡಿಮೆ ಮಾಡಿ, ರೋಗಿಗೆ ದೂರ ನೋಡಲು ಹೇಳಿ, ಟಾರ್ಚನ್ನು ಒಂದು ಕಣ್ಣಿಗೆ ಎರಡು ಮೂರು ಸೆಕೆಂಡ್ ಹಿಡಿದು ತಟ್ಟನೆ ಇನ್ನೊಂದಕ್ಕೆ ತಿರುಗಿಸುತ್ತಾರೆ. ನರ ಚೆನ್ನಾಗಿದ್ದರೆ ಪಾಪೆ ಚಿಕ್ಕದಾಗೇ ಉಳಿಯುತ್ತದೆ. ಆ ಕಡೆಯ ನರಕ್ಕೆ ಪೆಟ್ಟಾಗಿದ್ದರೆ ಬೆಳಕು ಬೀಳುತ್ತಿದ್ದರೂ ಪಾಪೆ ಹಿಗ್ಗುತ್ತದೆ! ಮೊದಲ ಸಲ ನೋಡಿದವರಿಗೆ ಏನೋ ಉಲ್ಟಾ ಆಯಿತಲ್ಲ ಅನ್ನಿಸುತ್ತದೆ. ಈ ಕಣ್ಣಿನಿಂದ ಮೆದುಳಿಗೆ ಹೋಗುವ ಸಂದೇಶ ಕಡಿಮೆ, ಅದಕ್ಕೇ ಹಾಗೆ. ಟಾರ್ಚನ್ನು ಹೀಗೆ ಅತ್ತಿತ್ತ ಆಡಿಸುವ ವಿಧಾನದ ಬಗ್ಗೆ ಪಾಲ್ ಲೆವಾಟಿನ್ ಬರೆದದ್ದು 1959ರಲ್ಲಿ. ಇವತ್ತಿಗೂ ಕಣ್ಣಿನ ಕ್ಲಿನಿಕ್‌ಗಳಲ್ಲಿ ದಿನವೂ ನಡೆಯುತ್ತದೆ. ಟಾರ್ಚ್ ಹಿಡಿದವರು ಅವರ ಹೆಸರು ಹೇಳುವುದಿಲ್ಲ, ಎಷ್ಟೋ ಜನಕ್ಕೆ ಗೊತ್ತೂ ಇರಲಿಕ್ಕಿಲ್ಲ. ತೀರಾ ಬಳಕೆಗೆ ಬಂದುಬಿಟ್ಟರೆ ಸೈಟೇಶನ್ ನಿಂತೇ ಹೋಗುತ್ತದೆ.

ಹಾಗಂತ ಸಂಖ್ಯೆ ಸುಳ್ಳು ಅಂತಲೂ ಅಲ್ಲ. ಕಣ್ಣಿನ ನರ ಊದಿಕೊಂಡು ದೃಷ್ಟಿ ಮಂಕಾಗುವ ಆಪ್ಟಿಕ್ ನ್ಯೂರೈಟಿಸ್‌ಗೆ ಹಿಂದೆ ಸ್ಟೀರಾಯ್ಡ್ ಮಾತ್ರೆ ಬರೆದುಕೊಡುವುದು ಮಾಮೂಲಾಗಿತ್ತು. ರಾಯ್ ಬೆಕ್ ಮುಂದಾಳತ್ವದಲ್ಲಿ ಅಮೆರಿಕದಲ್ಲಿ 15 ಕೇಂದ್ರಗಳು ಸೇರಿ 457 ರೋಗಿಗಳ ಮೇಲೆ ಪರೀಕ್ಷೆ ಮಾಡಿ 1992ರಲ್ಲಿ ಫಲಿತಾಂಶ ಕೊಟ್ಟವು. ರಕ್ತನಾಳಕ್ಕೆ ಕೊಟ್ಟ ಸ್ಟೀರಾಯ್ಡ್‌ನಿಂದ ದೃಷ್ಟಿ ಬೇಗ ಮರಳಿತು, ಆದರೆ ಕೊನೆಗೆ ಎಷ್ಟು ಕಾಣುತ್ತದೆ ಅನ್ನುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬರೀ ಮಾತ್ರೆ ತಗೊಂಡವರಲ್ಲಿ ಮಾತ್ರ ಕಾಯಿಲೆ ಮರುಕಳಿಸುವುದೇ ಜಾಸ್ತಿಯಾಯಿತು. ಎಲ್ಲರೂ ಕೊಡುತ್ತಿದ್ದ ಮಾತ್ರೆ! ಈ ಪೇಪರನ್ನು ಇಂದಿಗೂ ಉಲ್ಲೇಖಿಸುತ್ತಲೇ ಇದ್ದಾರೆ, ಅದು ಪೂರ್ತಿ ನ್ಯಾಯವಾದದ್ದೇ.

ನನಗೆ ಅದಕ್ಕಿಂತ ಇಷ್ಟವಾಗಿದ್ದು ಅವರು ಅಲ್ಲಿಗೇ ಬಿಡಲಿಲ್ಲ ಅನ್ನುವುದು. ಅದೇ ರೋಗಿಗಳನ್ನು 15 ವರ್ಷ ಹಿಂಬಾಲಿಸಿ 2008ರಲ್ಲಿ ಮತ್ತೆ ಬರೆದರು. ಒಟ್ಟಾರೆ ಅರ್ಧದಷ್ಟು ಜನಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಬಂದಿತ್ತು. ಮೊದಲ ಎಮ್‌ಆರ್‌ಐಯಲ್ಲಿ ಮೆದುಳಿನಲ್ಲಿ ಕಲೆ ಇಲ್ಲದವರಲ್ಲಿ ಅದು ಶೇ. 25, ಒಂದಾದರೂ ಕಲೆ ಇದ್ದವರಲ್ಲಿ ಶೇ. 72. 'ಮುಂದೆ ನನಗೆ ಅದು ಬರುತ್ತಾ ಡಾಕ್ಟ್ರೇ?' ಅಂತ ಕೇಳುವ ರೋಗಿಗೆ ಡಾಕ್ಟರು ಕೊಡುವ ಉತ್ತರದ ಹಿಂದೆ ಈ ಅಂಕಿಗಳಿವೆ. ಆ ಉತ್ತರ ಯಾವ ಸೈಟೇಶನ್ ಪಟ್ಟಿಗೂ ಸೇರುವುದಿಲ್ಲ.