ಫೂಲಾ ದ್ವೀಪದ ಪ್ರೇಮಕಥೆ: ಎರಡು ಹೊಸ ವರ್ಷಗಳ ನಡುವಿನ ಅಧ್ಯಾಯ

ನಾನು ಬರೆಯುತ್ತಿರುವ ಕಿರು ಕಾದಂಬರಿಯ ನಡುವಿನ ಅಧ್ಯಾಯ ಈ ವಾರ ಒಂದು ಹದಕ್ಕೆ ಬಂತು. ಕಥೆ ನಡೆಯುವುದು ಫೂಲಾದಲ್ಲಿ. ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್‌ನ ಪಶ್ಚಿಮಕ್ಕೆ, ಅಲ್ಲಿನ ದೊಡ್ಡ ದ್ವೀಪದಿಂದ ಸುಮಾರು 32 ಕಿ.ಮೀ. ಆಚೆ ಒಂಟಿಯಾಗಿ ನಿಂತಿರುವ ದ್ವೀಪ ಇದು. ಜನ ಮೂವತ್ತು ಚಿಲ್ಲರೆ, ಅಷ್ಟೇ.

ನಾನು ಈ ಜಾಗ ಹಿಡಿದದ್ದಕ್ಕೆ ಕಾರಣ ಅಲ್ಲಿನ ಕ್ಯಾಲೆಂಡರ್. 1752ರಲ್ಲಿ ಬ್ರಿಟನ್ ಜೂಲಿಯನ್ ಲೆಕ್ಕ ಬಿಟ್ಟು ಗ್ರೆಗೋರಿಯನ್ ಲೆಕ್ಕಕ್ಕೆ ಬಂತು. ಆ ವರ್ಷ ಸೆಪ್ಟೆಂಬರ್ 2ರ ಮರುದಿನವೇ 14. ಹಬ್ಬದ ವಿಷಯದಲ್ಲಿ ಮಾತ್ರ ಫೂಲಾದವರು ಹಳೆಯದನ್ನು ಬಿಡಲಿಲ್ಲ. ಇವತ್ತಿಗೂ ಅವರ ಕ್ರಿಸ್‌ಮಸ್, ಅಂದರೆ ಯೂಲ್, ಜನವರಿ 6ಕ್ಕೆ. ಹೊಸ ವರ್ಷ ಜನವರಿ 13ಕ್ಕೆ. ಚಾಂದ್ರಮಾನ, ಸೌರಮಾನ ಅಂತ ಎರಡೆರಡು ಯುಗಾದಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಕ್ಯಾಲಮ್ ಎಡಿನ್‌ಬರೋದ ಗಡಿಯಾರ ರಿಪೇರಿಯವನು. ದ್ವೀಪದ ಹುಡುಗಿ ಇಂಗಾಳ ಅಜ್ಜಿಯ ಹಳೇ ಗೋಡೆ ಗಡಿಯಾರ ಸರಿ ಮಾಡಲು ನವೆಂಬರ್‌ನಲ್ಲಿ ಬರುತ್ತಾನೆ, ಹವಾಮಾನ ಕೆಟ್ಟು ಅಲ್ಲೇ ಉಳಿಯುತ್ತಾನೆ. ಡಿಸೆಂಬರ್ 31ರ ರಾತ್ರಿ ಧೈರ್ಯ ಮಾಡಿ ತನ್ನ ಪ್ರೀತಿಗೆ ಇಂಗಾಳ ಒಪ್ಪಿಗೆ ಕೇಳಿಯೇಬಿಡುತ್ತಾನೆ. 'ಹೊಸ ವರ್ಷಕ್ಕೆ ಉತ್ತರ ಹೇಳ್ತೀನಿ' ಅನ್ನುತ್ತಾಳೆ ಇಂಗಾ. ಹನ್ನೆರಡು ಹೊಡೆಯುತ್ತದೆ. ಅವಳು ಎದ್ದು ಒಲೆಗೆ ಇನ್ನೊಂದು ಪೀಟ್ ಹೆಂಟೆ (ಉರುವಲಾಗಿ ಒಣಗಿಸಿದ ಜವುಗು ಮಣ್ಣು) ಹಾಕಿ ಮಲಗಲು ಹೋಗುತ್ತಾಳೆ. ಇವನಿಗೆ ವಿಷಯ ತಿಳಿಯುವುದು ಮರುದಿನ ಬೆಳಿಗ್ಗೆ, ಅಜ್ಜಿಯ ಬಾಯಲ್ಲಿ.

ಈ ವಾರ ಬರೆದದ್ದರಲ್ಲಿ ನನಗೆ ತುಂಬಾ ಇಷ್ಟವಾದ ತುಣುಕು ಇದು. ಕ್ಯಾಲಮ್ ಲೆಕ್ಕದ ಮನುಷ್ಯ. ಕಾಗದದ ಮೇಲೆ ಕೂಡಿ ಕಳೆದು ನೋಡುತ್ತಾನೆ. 1752ರಲ್ಲಿ 11 ದಿನವಿದ್ದ ಅಂತರ 1800ರಲ್ಲಿ 12 ಆಗಿತ್ತು. 1900ರಲ್ಲಿ ಮತ್ತೆ ಜೂಲಿಯನ್ ಲೆಕ್ಕಕ್ಕೆ ಮಾತ್ರ ಒಂದು ಅಧಿಕ ದಿನ ಸೇರಿತು, ಹಾಗಾಗಿ ಅಂತರ 12 ದಿನದಿಂದ 13ಕ್ಕೆ ಏರಿತು. ಫೂಲಾ ಮಾತ್ರ 12ರಲ್ಲೇ ನಿಂತಿದೆ. ಇದು ನಿಜವಾದ ಸಂಗತಿ, ನಾನು ಕಟ್ಟಿದ್ದಲ್ಲ.

'ಸರಿಯಾಗಿ ನೋಡಿದರೆ ನಿಮ್ಮ ಹೊಸ ವರ್ಷ 14ಕ್ಕೆ ಬರಬೇಕು' ಅನ್ನುತ್ತಾನೆ.

'ಹಾಗಾದ್ರೆ ಇನ್ನೊಂದು ದಿನ ಕಾಯ್ತೀಯಾ?'

ಅವನು ಕಾಗದ ಮಡಚಿ ಜೇಬಿಗಿಡುತ್ತಾನೆ.

ಕಥೆಯಲ್ಲಿ ಖಳನಾಯಕ ಬೇಡ ಅಂತ ತೀರ್ಮಾನಿಸಿದ್ದೇನೆ. ಅಡ್ಡಿಪಡಿಸಲು ಸಮುದ್ರ ಒಂದೇ ಸಾಕು. ಹ್ಯಾಮ್ ವೋ ಅನ್ನುವ ಪುಟ್ಟ ಕಡಲ ಕೊರಕಲಿನಲ್ಲಿ ದೋಣಿಯನ್ನು ಸುಮ್ನೆ ಕಟ್ಟಿ ಬಿಡುವ ಹಾಗಿಲ್ಲ, ಅಲೆಗಳು ಬಂಡೆಗೆ ಬಡಿದುಬಿಡುತ್ತವೆ. ಅದಕ್ಕೇ ಫೆರಿಯನ್ನು ನೀರಿನಿಂದ ಮೇಲಕ್ಕೆತ್ತಿ ಇಡುತ್ತಾರೆ. ಕ್ಯಾಲಮ್ ದಿನಾ ಅಲ್ಲಿಗೆ ಬಂದು ಆ ದೋಣಿ ಕೆಳಗೆ ಇಳಿದಿದೆಯಾ ಅಂತ ನೋಡುತ್ತಾನೆ. ಮೊದಮೊದಲು ಇಳಿಯಲಿ ಅಂತ, ಆಮೇಲಾಮೇಲೆ ಇಳಿಯದಿರಲಿ ಅಂತ. ದೊಡ್ಡ ದ್ವೀಪದ ಟಿಂಗ್‌ವಾಲ್‌ನಿಂದ ಪುಟ್ಟ ವಿಮಾನವೂ ಇದೆ, ಕಾಲು ಗಂಟೆಯ ಹಾರಾಟ. ಆದರೆ ಮೋಡ ಕವಿದರೆ ಅದೂ ಇಲ್ಲ.

ಬೆಳಕಿನ ವಿಷಯಕ್ಕೂ ಗಮನ ಕೊಟ್ಟೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹಗಲು ಆರು ಗಂಟೆಗೂ ಕಡಿಮೆ, ಮಧ್ಯಾಹ್ನ ಮೂರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಹಾಗಾಗಿ ಜಾಸ್ತಿ ದೃಶ್ಯಗಳು ಅಡುಗೆಮನೆಯಲ್ಲೇ ನಡೆಯುತ್ತವೆ. ಬಾನ್ಕ್ಸಿ ಹಕ್ಕಿಗಳ ದೃಶ್ಯವನ್ನು ಕೊನೆಯ ಅಧ್ಯಾಯಕ್ಕೆ ಸಾಗಿಸಿದೆ. ಗೂಡಿನ ಹತ್ತಿರ ಹೋದವರ ತಲೆಗೇ ಎರಗುವ ಈ ದೊಡ್ಡ ಕಡಲಹಕ್ಕಿಗಳು ಚಳಿಗಾಲದಲ್ಲಿ ಅಲ್ಲಿರುವುದಿಲ್ಲ. ಬೇಸಿಗೆಯಲ್ಲಿ, ಪೂರ್ತಿ ಕತ್ತಲೇ ಆಗದ ಜೂನ್ ರಾತ್ರಿಯಲ್ಲಿ, ಇಬ್ಬರೂ ತಲೆಯ ಮೇಲೆ ಕೋಲು ಎತ್ತಿ ಹಿಡಿದು ಗುಡ್ಡ ಹತ್ತುತ್ತಾರೆ. ಹಕ್ಕಿ ಎರಗುವುದು ಅತಿ ಎತ್ತರದ ತುದಿಗೆ, ಅದಕ್ಕೇ ಕೋಲು.

ಮುಂದಿನದು ಯೂಲ್ ಸಂಜೆ. ಎಲ್ಲರೂ ಒಂದೇ ಮನೆಯಲ್ಲಿ ಸೇರಿರುತ್ತಾರೆ. ಇಂಗಾಳ ಚಿಕ್ಕಪ್ಪ ಪಿಟೀಲು ನುಡಿಸುತ್ತಾನೆ. ಶೆಟ್‌ಲ್ಯಾಂಡ್ ಪಿಟೀಲಿನಲ್ಲಿ ರಾಗದ ಜೊತೆಗೇ ಪಕ್ಕದ ತೆರೆದ ತಂತಿಯೂ ಮೊಳಗುತ್ತಿರುತ್ತದೆ. ಕೆಲವು ಧಾಟಿಗಳನ್ನು ಜನಪದ ಕಥೆಗಳಲ್ಲಿ ಬರುವ ಗುಡ್ಡದೊಳಗಿನ ಕುಳ್ಳರಾದ ಟ್ರೌಗಳಿಂದ ಕಲಿತದ್ದು ಅಂತಲೇ ಹೇಳುತ್ತಾರೆ. ಅಂಥ ಒಂದು ಧಾಟಿಗೆ ಕ್ಯಾಲಮ್ ಹೆಜ್ಜೆ ಹಾಕಬೇಕು. ಅದನ್ನು ಬರೆಯುವ ಮೊದಲು ಆ ಸಂಗೀತವನ್ನು ಇನ್ನಷ್ಟು ಕೇಳಬೇಕು.

ಇಂಗಾ ದ್ವೀಪ ಬಿಡುವುದಿಲ್ಲ, ಅದು ಖಚಿತ. ಮೂವತ್ತು ಚಿಲ್ಲರೆ ಜನರ ಊರಲ್ಲಿ ಗಡಿಯಾರದವನು ಹೊಟ್ಟೆಪಾಡಿಗೆ ಇನ್ನೇನೇನು ಕಲಿಯಬೇಕು ಅನ್ನುವುದನ್ನು ಯೂಲ್ ಮುಗಿದ ಮೇಲೆ ಬರೆಯುತ್ತೇನೆ. ಕುರಿ ಉಣ್ಣೆ ಕತ್ತರಿಸುವುದಂತೂ ಪಟ್ಟಿಯಲ್ಲಿ ಇದ್ದೇ ಇದೆ.