ಖಣದ ಸೆಟ್: ಬಲಗಿವಿ ಲೋಲಾಕು ಮುಗೀತು, ಎಡಗಿವೀದು ಬಾಕಿ

ವೈನಿ ಕುಬಸದ (ಸೀಮಂತದ) ಕಾರ್ಯಕ್ಕಂತ ಹಿಡದಿರೋ ಖಣದ ಸೆಟ್, ಅಂದ್ರ ಕುಪ್ಪಸದ ಖಣದ ಅರಿವಿಲೇ ಮಾಡೋ ಕೊಳ್ಳಿನ ಕಿವಿ ಒಡವಿ, ಈಗ ಇಲ್ಲೀಮಟ ಬಂದೈತಿ ನೋಡ್ರಿ. ಕೊಳ್ಳಿಗೆ ಹತ್ತಿ ಕೂಡೋ ಸರಾ, ಚೋಕರ್ ಅಂತಾರಲ್ಲ, ಅದರ ಮುಂದಿನ ಪಟ್ಟಿ ರೆಡಿ, ಬಲಗಿವಿ ಲೋಲಾಕು ಹುಕ್ಕು ಸಮೇತ ರೆಡಿ, ಎಡಗಿವೀದು ಇನ್ನೂ ರಟ್ಟಿನ ಮ್ಯಾಲ ಪೆನ್ಸಿಲ್ ಗೆರಿ ಆಗೇ ಕುಂತೈತಿ. ಅರಿವಿ ಗುಳೇದಗುಡ್ಡದ್ದು, ಹಸರ ಮೈ ಕೆಂಪ ದಡಿ, ಆಕಿ ಉಡೋ ಇಳಕಲ್ ಸೀರೀನೂ ಹಸರ ಐತಿ, ಅದಕ್ಕ ಕೂಡೇತಿ. ಮನ್ಯಾಗ ಬಂಗಾರದ ಬೋರಮಾಳ, ಗುಂಡಿನ ಟೀಕಿ ಎಲ್ಲಾ ಅದಾವು ಖರೆ, ಆದ್ರ ತುಂಬಿದ ಬಸರಿ ದಿನಾ ಇಡೀ ಕುಂದ್ರಬೇಕು, ಮ್ಯಾಲ ಹೂವಿನ ದಂಡಿ ಬ್ಯಾರೆ, ಕಿವಿಗೆ ಕೊಳ್ಳಿಗೆ ಹಗರ ಇರೋದು ಬೇಕು ಅಂತ ಆಕೀನ ಕೇಳಿದ್ಲು. ಬೇರೆ ಯಾರರ ಕೇಳಿದ್ರ ನೋಡೂಣು ಅಂತಿದ್ದೆ, ವೈನಿ ಕೇಳಿದ ಮ್ಯಾಲ ಇಲ್ಲ ಅನ್ನೋ ಮಾತ ಇಲ್ಲ.

ಈ ಕೆಲಸದಾಗ ನನಗ ಜೀವ ಅನ್ನೂವಂಥಾದ್ದು ಯಾವುದು ಅಂದ್ರ ಕತ್ತರಿ ಹಚ್ಚೂಕಿಂತ ಮೊದಲಿನ ಹೊತ್ತು. ಒಂದು ಸಣ್ಣ ರಟ್ಟಿನ್ಯಾಗ ಲೋಲಾಕಿನ ಅಳತಿಗೆ ಗುಂಡಕ ತೂತು ಕೊರದು ಇಟಗೊಂಡೀನಿ, ಖಿಡಕಿ ಇದ್ದಂಗ. ಖಣಾ ಪೂರಾ ಹಾಸಿ ಆ ರಟ್ಟು ಅದರ ಮ್ಯಾಲ ಸರಸ್ಕೋತ ಹೋಗೋದು. ಒಂದ ಅರಿವಿ, ಆದ್ರ ರಟ್ಟು ಒಂದು ಕೂದಲೆಳಿ ಈ ಕಡೆ ಸರದ್ರ ನೇದಿರೋ ತೇರಿನ ಚಿತ್ತಾರ ನಟ್ಟನಡುವ ನಿಂತಿರತೈತಿ, ಆ ಕಡೆ ಸರದ್ರ ಅರ್ಧಾ ತೇರು ಅರ್ಧಾ ಖಾಲಿ, ಇನ್ನೊಂದೀಟು ಕೆಳಗ ಎಳದ್ರ ದಡಿ ಬಂದು ಕೆಂಪು ಕಮಾನ ಆಗಿ ಕುಂದರತೈತಿ, ನಾವು ಏನೂ ಬರದಿಲ್ಲ ಏನೂ ಹೊಲದಿಲ್ಲ, ನೇಕಾರರು ನೇದಿಟ್ಟಿದ್ರೊಳಗ ಎಲ್ಲಿ ನಿಲ್ಲಬೇಕು ಅನ್ನೋದಷ್ಟ ನಮ್ಮ ಕೆಲಸ. ಆನೆ ಹೆಜ್ಜಿ, ಸೂರ್ಯನಾರಾಯಣ, ತೇರು, ಒಂದೊಂದು ಚಿತ್ತಾರಕ್ಕ ಒಂದೊಂದು ಅಳತಿ ಒಪ್ಪತೈತಿ. ಸಣ್ಣ ಚಿತ್ತಾರ ಉಂಗುರಕ್ಕ ಪಾಡ, ಸೂರ್ಯನಾರಾಯಣ ದೊಡ್ಡದು, ಅದಕ್ಕ ಪದಕಾನ ಬೇಕು. ಊಟದ ಹೊತ್ತಾತು ಅಂತ ಅವ್ವ ಕರದ್ರೂ ಏಳಾಕ ಮನಸಾಗಂಗಿಲ್ಲ.

ಹಂಗಂತ ಜಾಗಾ ಸಿಕ್ಕ ಕೂಡ್ಲೇ ಕತ್ತರಿಸಬಾರದು. ಖಣದಾಗ ಚಿತ್ತಾರದ ಎಳಿ ಹಾಸಿನ ಗುಂಟ ಉದ್ದಕ ಓಡ್ತಾವು, ಅರಿವಿ ತಿರುವಿ ನೋಡಿದ್ರ ಹಿಂದ ಸಡ್ಲ ತೇಲಿರೋದು ಕಾಣ್ತಾವು. ಸುತ್ತಲೂ ಕತ್ತರಿಸಿ ಬಿಟ್ರ ಆ ಎಳಿ ಹಿಡಿಯೋರಿಲ್ಲದಂಗ ಆಗಿ ಒಂದೊಂದ ಜಾರಿ ಬರತಾವು, ತೇರಿನ ಕಳಸಾನ ಹೋಗಿಬಿಡತೈತಿ. ಅದಕ್ಕ ಮೊದಲ ಹಿಂದ ಫ್ಯೂಸಿಂಗ್ ಇಟ್ಟು ಇಸ್ತ್ರಿ ಹೊಡೀಬೇಕು, ಟೇಲರ್‌ಗಳು ಕಾಲರಿಗೆ ಹಚ್ಚತಾರಲ್ಲ ಅದ. ಇಸ್ತ್ರಿ ಎಳೀಬಾರದು, ಮ್ಯಾಲಿಂದ ಒತ್ತಿ ಎತ್ತಬೇಕು, ಎಳದ್ರ ಗುಂಡಕ ಇರೋ ಚಿತ್ತಾರ ತತ್ತಿ ಆಕಾರಕ್ಕ ಬರತೈತಿ. ಆರಿದ ಮ್ಯಾಲ ಗೆರಿಯಿಂದ ಅರ್ಧಾ ಇಂಚು ಹೊರಗ ಬಿಟ್ಟು ಕತ್ತರಿಸಿ, ಅಂಚಿಗೆ ಸಣ್ಣ ಸಣ್ಣ ಕಚ್ಚು ಕೊಟ್ಟು ರಟ್ಟಿನ ಹಿಂದಕ್ಕ ಮಡಚಿ ಅಂಟಸೋದು.

ಅಂಚಿನ ವಿಷಯ ಬಂತಂತ ಇದೊಂದು ಹೇಳ್ತೀನಿ. ಅಂಚು ಮೇಣಬತ್ತಿಗೆ ತೋರಿಸಿದ್ರ ಮುಗೀತು ಅಂತ ಭಾಳ ಮಂದಿ ಅಂತಾರ, ಅದು ಪಾಲಿಸ್ಟರಿಗೆ ಮಾತ್ರ. ಈಗ ಪವರ್‌ಲೂಮ್‌ನ್ಯಾಗ ಪಾಲಿಸ್ಟರ್ ಖಣಾನೂ ಬರಾಕತ್ತಾವು, ನೋಡಾಕ ಎಲ್ಲಾ ಒಂದ. ತುದಿಯಿಂದ ಒಂದು ಎಳಿ ತಗದು ಸುಟ್ಟು ನೋಡ್ರಿ, ಕೂದಲ ಸುಟ್ಟ ವಾಸನಿ ಬಂದು ಬೂದಿ ಬೆರಳಾಗ ಪುಡಿ ಆದ್ರ ರೇಷ್ಮಿ, ಕಾಗದ ಸುಟ್ಟ ವಾಸನಿ ಬಂದ್ರ ಹತ್ತಿ, ಕರಗಿ ಗಟ್ಟಿ ಮಣಿ ಆಗಿ ನಿಂತ್ರ ಪಾಲಿಸ್ಟರ್. ಪಾಲಿಸ್ಟರಿಂದು ಅಂಚು ಬೆಂಕಿ ಕಂಡ್ರ ಕರಗಿ ಕೂಡಕೊಂತೈತಿ, ರೇಷ್ಮಿ ಹತ್ತಿ ಕರಗಂಗಿಲ್ಲ, ಉರೀತಾವು ಅಷ್ಟ. ಇವಕ್ಕ ತೆಳ್ಳಗ ಫೆವಿಕಾಲ್ ಸವರೋದ ಛಲೋ.

ಈಗ ತ್ರಾಸಿನ ಮಾತು. ನನಗ ಈ ಹವ್ಯಾಸದಾಗ ಯಾವುದು ಆಗಿಬರಂಗಿಲ್ಲ ಅಂದ್ರ ಎರಡನೇ ಕಿವೀದು. ಖರೇನ ಹೇಳ್ತೀನಿ, ಸರಾ ಎಷ್ಟ ದೊಡ್ಡದಿರ್ಲಿ ಮಾಡ್ತೀನಿ, ಯಾಕಂದ್ರ ಅದು ಒಂದ. ಒಂದು ಮಣಿ ಹೆಚ್ಚಾತು, ಗೊಂಡೆ ಸ್ವಲ್ಪ ದಪ್ಪ ಆತು, ಅದ ಅದರ ಚಂದ ಅಂತ ಬಿಡಬಹುದು. ಲೋಲಾಕು ಹಂಗಲ್ಲ. ಒಂದನೇದು ಮಾಡೂ ಮುಂದ ತಲಿ ಓಡತಿರತೈತಿ, ಇಲ್ಲಿ ಬಿಳಿ ಮಣಿ ಹಾಕಿದ್ರ ಹೆಂಗ, ಗೆಜ್ಜಿ ಮೂರು ಸಾಕೋ ಐದು ಬೇಕೋ ಅಂತ. ಎರಡನೇದಕ್ಕ ಬಂದ್ರ ಎಲ್ಲಾ ಮೊದಲ ಠರಾವ್ ಆಗಿಬಿಟ್ಟಿರತೈತಿ, ಬರೇ ಸ್ಕೇಲು, ಬರೇ ಅಳತಿ, ಕೈ ಮಾತ್ರ ಕೆಲಸ ಮಾಡಬೇಕು. ಪತ್ತಾರರ ಕಡೆ ಅಚ್ಚು ಇರತೈತಿ, ತಗಡು ಇಟ್ಟು ಬಡದ್ರ ಒಂದರಂಗ ಇನ್ನೊಂದು ಬರತೈತಿ, ನಮಗ ಕಣ್ಣ ಅಚ್ಚು.

ಖಣದಾಗಂತೂ ಇನ್ನೊಂದು ತೊಡಕೈತಿ. ನವಿಲು ಇರೋ ಅರಿವಿ ತೊಗೊಂಡ್ರಿ ಅನ್ಕೋರಿ, ನೇಯ್ಗ್ಯಾಗ ಒಂದು ಸಾಲಿನ ನವಿಲು ಎಲ್ಲಾ ಒಂದ ದಿಕ್ಕಿಗೆ ಮಾರಿ ಮಾಡಿರತಾವು. ಎರಡೂ ಕಿವಿಗೆ ಹಾಕ್ಕೊಂಡ್ರ ಒಂದು ನವಿಲು ಗಲ್ಲದ ಕಡೆ ನೋಡತೈತಿ, ಇನ್ನೊಂದು ಹೆಗಲಿನ ಕಡೆ. ಅರಿವಿ ತಿರುವಿ ಹಾಕೂಣು ಅಂದ್ರ ಹಿಂದ ಬರೇ ಎಳಿ. ಅದಕ್ಕ ಕಿವೀದಕ್ಕ ಯಾವಾಗಲೂ ಎಡಕ್ಕೂ ಬಲಕ್ಕೂ ಸಮ ಇರೋ ಚಿತ್ತಾರಾನ ಹುಡುಕೋದು, ತೇರು ಅದಕ್ಕ ಬರೋಬರಿ. ನವಿಲನ್ನ ಪದಕಕ್ಕ ಇಟ್ಟುಬಿಡ್ರಿ.

ತ್ರಾಸ ಕಡಿಮಿ ಮಾಡಾಕ ಈಗ ಒಂದು ಪದ್ಧತಿ ಹಾಕ್ಕೊಂಡೀನಿ. ಹುಕ್ಕು ಮಾಡೂ ಮುಂದ ಎರಡೂ ತಂತಿ ಕೂಡೇ ಕತ್ತರಿಸಿ, ಎರಡನ್ನೂ ಜೋಡಿಸಿ ಹಿಡದು ಒಂದ ಮಾರ್ಕರ್ ಪೆನ್ನಿಗೆ ಒಂದ ಸಲ ಬಗ್ಗಿಸಿಬಿಡ್ತೀನಿ. ಬಾಗು ಎರಡಕ್ಕೂ ಒಂದ ಬರತೈತಿ. ಐ ಪಿನ್ನು ಅಂದ್ರ ಮಣಿ ಪೋಣಸೋ ತಂತಿ, ಅದರ ತುದಿಗೆ ಉಂಗುರದಂಥಾ ಕಣ್ಣು ಮಾಡೂ ಪಕ್ಕಡದ ಮೂತಿ ಮ್ಯಾಲೂ ಮಾರ್ಕರ್‌ಲೇ ಗೆರಿ ಎಳದೀನಿ, ಮೂತಿ ತುದಿಗೆ ಸಣ್ಣದು ಬುಡಕ್ಕ ದಪ್ಪ ಇರತೈತಲ್ಲ, ಗೆರಿ ಇಲ್ಲಂದ್ರ ಒಂದು ಕಣ್ಣು ಸಣ್ಣ ಒಂದು ದೊಡ್ಡ. ಗೆಜ್ಜಿ ಜೋಡಸೋ ಸಣ್ಣ ತಂತಿ ಉಂಗುರ, ಜಂಪ್ ರಿಂಗ್, ಎಂದೂ ಅಗಲಕ ಹಿಗ್ಗಿಸಬ್ಯಾಡ್ರಿ, ಒಂದು ತುದಿ ಮುಂದ ಒಂದು ತುದಿ ಹಿಂದ ತಿರುವಿ ತಗೀರಿ, ಮುಚ್ಚೂ ಮುಂದ ಹಂಗ ವಾಪಸ್. ಹಿಗ್ಗಿಸಿದ್ದು ಮತ್ತ ಗುಂಡಕ ಬರಂಗಿಲ್ಲ, ಆ ಸಂದಿಯಾಗ ಗೆಜ್ಜಿ ಉದುರಿ ಹೋಗ್ತಾವು.

ಹುಕ್ಕಿನ ಬಗ್ಗೆ ನಾನು ಭಾಳ ಕಟ್ಟನಿಟ್ಟು. ಚಂದ ಎಷ್ಟ ಇರ್ಲಿ, ಹಾಕ್ಕೊಂಡಾಕಿ ಕಿವಿ ಕೆರಕೋತ ಕುಂತ್ರ ಆ ಕೆಲಸಕ್ಕ ಏನು ಬೆಲಿ? ಕಡಿಮಿ ರೇಟಿನ ರೆಡಿಮೇಡ್ ಹುಕ್ಕಿನ್ಯಾಗ ಭಾಳ ಸಲ ನಿಕ್ಕಲ್ ಇರತೈತಿ, ಕೆಲವರ ಮೈಗೆ ಅದು ಆಗಿಬರಂಗಿಲ್ಲ, ಬೆವರು ಹತ್ತಿದ್ರ ಕಿವಿ ಕೆಂಪಾಗಿ ನೀರು ಬಿಡತೈತಿ. ಯುರೋಪಿನ ದೇಶದಾಗ ಇದಕ್ಕ ಕಾನೂನ ಐತಿ, ಚುಚ್ಚಿದ ಜಾಗಾಕ್ಕ ಹಾಕೋ ಲೋಹದಿಂದ ವಾರಕ್ಕ ಒಂದು ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂಕಿಂತ ಹೆಚ್ಚು ನಿಕ್ಕಲ್ ಬಿಡಬಾರದು ಅಂತ. ನಾನು ಹುಕ್ಕಿಗೆ 925 ಬೆಳ್ಳಿ ತಂತಿ ಹಾಕ್ತೀನಿ, ನೂರಕ್ಕ 92.5 ಪಾಲು ಬೆಳ್ಳಿ, ಉಳದದ್ದು ಹೆಚ್ಚಾಗಿ ತಾಮ್ರ. ಶುದ್ಧ ಬೆಳ್ಳಿ ಮೆತ್ತಗ, ಹುಕ್ಕು ಮಾಡಿದ್ರ ಎಳದ ಕೂಡ್ಲೇ ನೆಟ್ಟಗ ಆಗಿಬಿಡತೈತಿ. 20 ಗೇಜಿಂದು ಅಂದ್ರ 0.8 ಮಿಲಿಮೀಟರ್ ದಪ್ಪ, ಕಿವಿಗೆ ಅದ ಸರಿ, ಗೇಜ್ ನಂಬರ್ ಏರಿದಷ್ಟು ತಂತಿ ಸಣ್ಣ ಆಗ್ತಾ ಹೋಗತೈತಿ, ಹೊಸಬರಿಗೆ ಇದು ಉಲ್ಟಾ ಅನಸ್ತೈತಿ. ಕತ್ತರಿಸಿದ ತುದಿ ಸಣ್ಣ ಅರಲೇ ತಿಕ್ಕಿ, ನನ್ನ ತುಟಿಗೆ ಸವರಿ ನೋಡಿದ ಮ್ಯಾಲ ಮುಂದಿನ ಕೆಲಸ, ಬೆರಳಿಗೆ ಗೊತ್ತಾಗದ ಮುಳ್ಳು ತುಟಿಗೆ ಗೊತ್ತಾಗತೈತಿ.

ರೇಟ್ ಹೇಳೋದೂ ನನಗ ಬ್ಯಾಸರದ ಕೆಲಸ, ಇಷ್ಟು ಅರಿವಿಗೆ ಇಷ್ಟ್ಯಾಕ ಅಂತಾರ, ಆ ಮಾತು ಇನ್ನೊಮ್ಮೆ ಬರೀತೀನಿ.

ಉಳದದ್ದು ಏನಪಾ ಅಂದ್ರ ಎಡಗಿವೀದು, ಆಮ್ಯಾಲ ಚೋಕರ್‌ನ ಹಿಂದಿನ ದಾರಾ. ಅದಕ್ಕ ಕೊಂಡಿ ಹಾಕಂಗಿಲ್ಲ, ಪಟವೇಗಾರರು ಸರಕ್ಕ ಕಟ್ಟತಾರಲ್ಲ ಹಂಗ ಕೆಂಪು ರೇಷ್ಮಿ ದಾರಾ, ಎಳದ್ರ ಸಣ್ಣ ಆಗಬೇಕು ಬಿಟ್ರ ದೊಡ್ಡದು, ತುದಿಗೆ ಎರಡು ಗೊಂಡೆ. ವೈನೀಗೆ ಕೊಳ್ಳು ಈಗೀಗ ಸ್ವಲ್ಪ ಬಾತಂಗ ಆಗೇತಿ, ಬಿಗಿ ಆಗಬಾರದು. ಗೊಂಡೆ ನಾನೂ ಸುತ್ತತೀನಿ ಅಂತ ಅವ್ವ ದಾರಾ ಬಿಡಿಸಿ ಇಟ್ಟಾಳ, ತೆಳ್ಳಗ ಸುತ್ತಬೇಕೋ ದಪ್ಪ ಇರಬೇಕೋ ಅಂತ ನಮ್ಮಿಬ್ಬರದೂ ಇನ್ನ ಮಾತು ಮುಗದಿಲ್ಲ, ನಾ ತೆಳ್ಳಗ ಅಂತೀನಿ, ಆಕಿ ಹಸರ ಸೀರಿ ಮ್ಯಾಲ ದಪ್ಪ ಗೊಂಡೇನ ಎದ್ದು ಕಾಣತೈತಿ ಅಂತಾಳ.