ವೈರಮುಡಿಯ ಚೆಲುವ, ನಮ್ಮಜ್ಜಿಯ ಹುಡುಗ

ಮಂಡ್ಯದ ಖಜಾನೆಯಿಂದ ವೈರಮುಡಿಯ, ಅಂದರೆ ಚೆಲುವನಾರಾಯಣ ಸ್ವಾಮಿಯ ವಜ್ರದ ಕಿರೀಟದ, ಪೆಟ್ಟಿಗೆ ಮೇಲುಕೋಟೆಗೆ ಹೋಗುವ ದಾರಿಯಲ್ಲೇ ನಮ್ಮಜ್ಜಿಯ ಊರು. ಉತ್ಸವದ ದಿನ ಊರವರು ಬೆಳಿಗ್ಗೆಯೇ ರಸ್ತೆಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು. ಪೊಲೀಸ್ ಕಾವಲಿನಲ್ಲಿ ಗಾಡಿ ಬಂದು ನಿಲ್ಲುತ್ತಿತ್ತು. ಹಣ್ಣುಕಾಯಿ, ಮಂಗಳಾರತಿ, ಅಷ್ಟೇ. ಕಿರೀಟ ಮಾತ್ರ ಪೆಟ್ಟಿಗೆಯೊಳಗೇ. ನಾನು ಮುಖ ಊದಿಸಿಕೊಂಡರೆ ಅಜ್ಜಿ, "ಕಂಡ್ರೇನ್ಲಾ, ಕಾಣ್ದಿದ್ರೇನ್ಲಾ? ನಮ್ ಹುಡುಗುಂದು ಅದು, ಕೈ ಮುಗಿ" ಅನ್ನುತ್ತಿದ್ದಳು.

ಚೆಲುವನಾರಾಯಣ ಅವಳಿಗೆ ಹುಡುಗನೇ. ರಾಮಾನುಜಾಚಾರ್ಯರಿಗೂ ಹಾಗೇ ಅಲ್ವಾ? ಚೋಳರ ನಾಡು ಬಿಟ್ಟು ಹೊಯ್ಸಳರ ಸೀಮೆಗೆ ಬಂದ ಆಚಾರ್ಯರಿಗೆ ಯದುಗಿರಿಯಲ್ಲಿ, ಅಂದರೆ ಇದೇ ಮೇಲುಕೋಟೆಯಲ್ಲಿ, ತುಳಸಿ ಬೆಳೆದ ಹುತ್ತದೊಳಗೆ ಮೂಲಮೂರ್ತಿ ಸಿಕ್ಕಿತು. ಉತ್ಸವಮೂರ್ತಿ ದೆಹಲಿಯ ಸುಲ್ತಾನನ ಅರಮನೆಯಲ್ಲಿ ಶಹಜಾದಿಯ ಆಟದ ಗೊಂಬೆಯಾಗಿತ್ತಂತೆ. ಆಚಾರ್ಯರು ಕರೆದದ್ದೇ ತಡ, ಗೆಜ್ಜೆ ಸದ್ದು ಮಾಡುತ್ತಾ ಬಂದು ತೊಡೆಯೇರಿ ಕೂತ. ಇಲ್ಲಿಗೆ ಬಂದರೆ ಅಜ್ಜಿಯ ಕತೆ ಮುಂದೆ ಹೋಗುತ್ತಲೇ ಇರಲಿಲ್ಲ. ಬಳೆ ತುಂಬಿದ ಕೈ ಅಲ್ಲಾಡಿಸಿ, "ಹಿಂಗೆ ಬಂದ, ಹಿಂಗೆ" ಅಂತ ಗೆಜ್ಜೆ ಕೇಳಿಸುತ್ತಿದ್ದಳು. ಗಾಜಿನ ಹಸಿರು ಬಳೆ. ಅದೇ ಸದ್ದಿನಲ್ಲಿ ನಮಗೆ ನಿದ್ದೆ ಬರುತ್ತಿತ್ತು.

ಹುಡುಗನನ್ನು ಬಿಟ್ಟಿರಲಾರದೆ ಹಿಂದೆಯೇ ಬಂದ ಶಹಜಾದಿ ಬೀಬಿ ನಾಚ್ಚಿಯಾರ್ ಆಗಿ ಇವತ್ತಿಗೂ ಸ್ವಾಮಿಯ ಪಾದದ ಹತ್ತಿರ ಇದ್ದಾಳೆ. ದೆಹಲಿಯಿಂದ ಮೂರ್ತಿ ತರುವಾಗ ಕಾಪಾಡಿದ, ಊರು ದೂರವಿಟ್ಟಿದ್ದ ಜನರನ್ನು ಆಚಾರ್ಯರು ತಿರುಕುಲದವರು, ಅಂದರೆ ಪವಿತ್ರ ಕುಲದವರು, ಎಂದು ಕರೆದು ಗುಡಿಯೊಳಗೆ ಬರಮಾಡಿಕೊಂಡರು. ಮೇಲುಕೋಟೆ ಪುಳಿಯೋಗರೆಯ ರುಚಿ ಹೊಗಳುವ ನಾವು ಇದನ್ನೂ ನಾಲ್ಕು ಜನಕ್ಕೆ ಹೇಳಬೇಡವೇ?

ಅಸುರ ವಿರೋಚನ ಕದ್ದೊಯ್ದಿದ್ದ ಈ ಕಿರೀಟವನ್ನು ಗರುಡ ಬಿಡಿಸಿ ತಂದನಂತೆ. ಅದಕ್ಕೇ ಫಾಲ್ಗುಣದ ಆ ರಾತ್ರಿ ವೈರಮುಡಿ ತೊಟ್ಟ ಸ್ವಾಮಿಗೆ ಗರುಡ ವಾಹನ. ಬಿಸಿಲು ಆ ಕಿರೀಟಕ್ಕೆ ತಾಕಬಾರದು ಅನ್ನುವ ನಂಬಿಕೆ. ಈ ಸಲ ಸ್ವಾಮಿ ಹೊರಗೆ ಬಂದಾಗ ನನ್ನ ಮುಂದೆ ಬರೀ ಮೊಬೈಲುಗಳು. ದೇವರ ಎದುರು ನಿಂತು ಪರದೆಯಲ್ಲಿ ದೇವರನ್ನು ಹುಡುಕುವುದು ಯಾವ ಸೇವೆಯೋ! ಸಿಟ್ಟು ಬಂತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಮುದುಕಿಯೊಬ್ಬರು ಕೈಯೆತ್ತಿ ಮುಗಿದರು. ನಾದಸ್ವರದ ನಡುವೆಯೂ ಅವರ ಬಳೆ ಸದ್ದು ನನಗೆ ಕೇಳಿಸಿತು. ಕಣ್ಣು ತುಂಬಿ ಬಂತು. ಕಿರೀಟ ನೆಟ್ಟಗೆ ಕಾಣಲೇ ಇಲ್ಲ. ಬೇಜಾರೂ ಆಗಲಿಲ್ಲ.

ವೈರಮುಡಿ ಇಳಿಸಿದ ಮೇಲೆ ಸ್ವಾಮಿ ರಾಜಮುಡಿ ತೊಟ್ಟು ಬರುತ್ತಾನೆ. ಮೈಸೂರಿನ ರಾಜ ಒಡೆಯರು ಒಪ್ಪಿಸಿದ ಕಿರೀಟ ಅದು. ಕೈಮುಗಿದು ನಿಂತ ಅವರ ಭಕ್ತವಿಗ್ರಹ ಗುಡಿಯಲ್ಲೇ ಇದೆ. ಅಷ್ಟು ಹೊತ್ತಿಗೆ ಜನ ನಿದ್ದೆಗಣ್ಣಲ್ಲಿ ಬಸ್ಸಿನ ಕಡೆ ಓಡುತ್ತಿರುತ್ತಾರೆ. ಮುಂದಿನ ಸಲ ಹೋಗುವವರು ಸ್ವಲ್ಪ ತಡೆದು ರಾಜಮುಡಿಗೂ ನಿಲ್ಲಿ. ನೂಕುನುಗ್ಗಲು ಕಡಿಮೆ, ಹುಡುಗನ ಮುಖ ಹತ್ತಿರದಿಂದ ಕಾಣುತ್ತದೆ.